ಶಾಲಾ ಪ್ರಬಂಧದ ಪೀಠಿಕೆ

ಪೀಠಿಕೆ ಎಂದರೆ ಪ್ರಬಂಧದ ಮೊದಲ ಅಂಗ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಪ್ರಬಂಧಕ್ಕೆ ಮೂರು ಅಂಗಗಳಿರುವುದನ್ನು ಕನ್ನಡ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಹತ್ತನೆಯ ತರಗತಿಯ ಉತ್ತರಪತ್ರಿಕೆಗಳಲ್ಲಿ ಎಷ್ಟೋ ಮಕ್ಕಳು ಈ ಮೂರು ಪದಗಳನ್ನೇ ಉಪಶೀರ್ಷಿಕೆಯಾಗಿ ಬರೆದು ಅಡಿಗೆರೆ ಎಳೆಯುತ್ತಾರೆ. ಶಾಲಾ ಪ್ರಬಂಧದಲ್ಲಿ ಪೀಠಿಕೆ ಸಾಮಾನ್ಯವಾಗಿ ಒಂದೇ ಪ್ಯಾರಾ, ಮೂರರಿಂದ ಆರು ವಾಕ್ಯ. ಯಾವ ವಿಷಯ ಎಂದು ತಿಳಿಸುವುದು, ಆ ವಿಷಯದ ಯಾವ ಮಗ್ಗುಲನ್ನು ಬರೆಯುವವರು ಹಿಡಿದಿದ್ದಾರೆ ಎಂದು ತೋರಿಸುವುದು, ಓದುವವರನ್ನು ಮುಂದಿನ ಪ್ಯಾರಾಕ್ಕೆ ಕರೆದೊಯ್ಯುವುದು ಅದರ ಕೆಲಸ. ಮೊದಲನೆಯದನ್ನು ಶೀರ್ಷಿಕೆಯೇ ಮುಕ್ಕಾಲು ಪಾಲು ಮಾಡಿರುತ್ತದೆ. ಎರಡನೆಯದು ಸರಿಯಾಗಿ ಆದರೆ ಮೂರನೆಯದು ತಾನಾಗಿ ಆಗುತ್ತದೆ. ಹಾಗಾಗಿ ಪೀಠಿಕೆಯ ನಿಜವಾದ ಹೊಣೆ ಎರಡನೆಯದೇ. 'ಗ್ರಂಥಾಲಯಗಳ ಮಹತ್ವ' ಎಂಬ ವಿಷಯವನ್ನು ಪರೀಕ್ಷಾ ಮಂಡಲಿ ಕೊಟ್ಟಿರುತ್ತದೆ. ಗ್ರಂಥಾಲಯದ ಬಗ್ಗೆ ತನಗೆ ಏನನ್ನಿಸುತ್ತದೆ ಎಂಬುದನ್ನು ಮಗು ತಾನೇ ಕೊಡಬೇಕು.

ಪದ ಮತ್ತು ಅದರ ಬಳಗ

ಪೀಠವೆಂದರೆ ಕೂರುವ ಜಾಗ, ಪೀಠಿಕೆ ಎಂದರೆ ಮೂರ್ತಿಯನ್ನು ನಿಲ್ಲಿಸುವ ಅಡಿಗಲ್ಲು. ದೇವಾಲಯದ ಶಿಲ್ಪಿಗಳು ಪೀಠವನ್ನು ಮೂರ್ತಿಯ ಅಳತೆಗೆ ತಕ್ಕಂತೆ ಕಡೆಯುತ್ತಾರೆ. ಮೂರ್ತಿಯ ಅಡಿಯಲ್ಲಿ ಬಿಟ್ಟ ಚಾಚು ಪೀಠದ ಕುಳಿಯಲ್ಲಿ ಕೂರಬೇಕು, ಆಮೇಲೆ ಅಷ್ಟಬಂಧ ಹಾಕಿ ಎರಡನ್ನೂ ಬೆಸೆಯುತ್ತಾರೆ. ಒಂದು ಮೂರ್ತಿಗೆಂದು ಕಡೆದ ಪೀಠದ ಮೇಲೆ ಇನ್ನೊಂದನ್ನು ನಿಲ್ಲಿಸಲು ಬರುವುದಿಲ್ಲ. ಪ್ರಬಂಧದ ಪೀಠಿಕೆಗೆ ಈ ಹೆಸರು ಇಷ್ಟು ಚೆನ್ನಾಗಿ ಒಪ್ಪುವುದು ಇದೇ ಕಾರಣಕ್ಕೆ.

ಆಡುಮಾತಿನಲ್ಲಿ ಮಾತ್ರ ಈ ಪದಕ್ಕೆ ಅಷ್ಟು ಒಳ್ಳೆಯ ಹೆಸರಿಲ್ಲ. ಸಾಲ ಕೇಳಲು ಬಂದವರು ಮಳೆ ಬೆಳೆಯ ಮಾತಿನಿಂದ ಶುರುಮಾಡಿದರೆ 'ಪೀಠಿಕೆ ಸಾಕು, ವಿಷಯಕ್ಕೆ ಬನ್ನಿ' ಎನ್ನುತ್ತೇವೆ. 'ಪೀಠಿಕೆ ಹಾಕುವುದು' ಎಂದರೆ ಹೇಳಬೇಕಾದ್ದನ್ನು ಹೇಳದೆ ಸುತ್ತಿಬಳಸುವುದು ಎಂದೇ ರೂಢಿಯಾಗಿದೆ. ದುರ್ಬಲ ಪೀಠಿಕೆಗೆ ಇದಕ್ಕಿಂತ ನೇರವಾದ ವಿವರಣೆ ಬೇಕಿಲ್ಲ.

ಪ್ರದರ್ಶನ ಕಲೆಗಳಲ್ಲಿ ಪೀಠಿಕೆಗೆ ಗೌರವದ ಸ್ಥಾನವಿದೆ. ಹರಿಕಥೆಯ ದಾಸರು ಕಥೆಗೆ ಇಳಿಯುವ ಮುನ್ನ ಒಂದು ಪದವನ್ನು ಹಾಡಿ, ಅದರ ತತ್ತ್ವವನ್ನು ಬಿಡಿಸಿ, ಆ ತತ್ತ್ವಕ್ಕೆ ಕಥೆಯನ್ನು ಜೋಡಿಸುತ್ತಾರೆ, ಅದು ಪೂರ್ವಪೀಠಿಕೆ. ಕರಾವಳಿ ಮಲೆನಾಡುಗಳ ತಾಳಮದ್ದಲೆಯಲ್ಲಿ ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಅರ್ಥಧಾರಿ ತನ್ನ ಪಾತ್ರದ ಬಾಯಿಂದ ಆಡುವ ಮೊದಲ ದೀರ್ಘ ಮಾತಿಗೂ ಪೀಠಿಕೆ ಎಂದೇ ಹೆಸರು. ಆ ಹೊತ್ತಿಗೆ ತಾನು ಎಲ್ಲಿದ್ದೇನೆ, ಯಾವ ಇಕ್ಕಟ್ಟಿನಲ್ಲಿದ್ದೇನೆ, ಇದನ್ನು ಹೇಗೆ ನೋಡುತ್ತೇನೆ ಎಂಬುದನ್ನು ಪಾತ್ರ ಅಲ್ಲಿ ತೆರೆದಿಡುತ್ತದೆ. ಕರ್ಣನ ಕಥೆ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಜನ ಕಿವಿಗೊಟ್ಟು ಕೂರುವುದು ಇವತ್ತಿನ ಅರ್ಥಧಾರಿ ಕರ್ಣನನ್ನು ಯಾವ ಕಡೆಯಿಂದ ಹಿಡಿಯುತ್ತಾರೆ ಎಂದು ತಿಳಿಯುವುದಕ್ಕೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹಿರಿಯ ಅರ್ಥಧಾರಿಗಳ ಪೀಠಿಕೆಗಳನ್ನು ಕೇಳಿದವರು ಅವನ್ನು ಪ್ರಸಂಗದಷ್ಟೇ ನೆನಪಿಟ್ಟುಕೊಂಡಿದ್ದಾರೆ. ಸವೆದ ವಿಷಯವನ್ನು ಬರೆಯಬೇಕಾದ ವಿದ್ಯಾರ್ಥಿಗೆ ತಾಳಮದ್ದಲೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಮುನ್ನುಡಿ, ಪ್ರಸ್ತಾವನೆ, ಉಪೋದ್ಘಾತ, ಭೂಮಿಕೆ, ಅರಿಕೆ ಮೊದಲಾದವು ಈ ಪದದ ನೆಂಟರು. ಅವು ಹೆಚ್ಚಾಗಿ ಪುಸ್ತಕಗಳಿಗೆ ಸೇರಿದವು. ಶಾಲಾ ಪ್ರಬಂಧದ ಮಟ್ಟಿಗೆ ಪೀಠಿಕೆ ಎಂಬುದೇ ನಿಂತ ಪದ.

ಹಿಂದಿನವರು ಮಾಡಿದ್ದು

ಆರಂಭ ಹೇಗಿರಬೇಕು ಎಂಬ ಚಿಂತನೆ ಪ್ರಬಂಧಕ್ಕಿಂತ ಬಹಳ ಹಳೆಯದು. ಮಹಾಕಾವ್ಯದ ಮುಖದಲ್ಲಿ ಆಶೀರ್ವಾದವೋ ನಮಸ್ಕಾರವೋ ವಸ್ತುವಿನ ಸೂಚನೆಯೋ ಇರಬೇಕೆಂದು ದಂಡಿ ತನ್ನ 'ಕಾವ್ಯಾದರ್ಶ'ದಲ್ಲಿ ಹೇಳಿದ್ದಾನೆ. ಶಾಸ್ತ್ರಗ್ರಂಥಗಳ ಮಟ್ಟಿಗೆ ಪಂಡಿತರು ಇನ್ನೂ ಕಟ್ಟುನಿಟ್ಟಾಗಿದ್ದರು. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಮೊದಲಿಗೇ ತಿಳಿಯಬೇಕು. ಇದೇ ಅನುಬಂಧ ಚತುಷ್ಟಯ. ಯಾವುದರ ಬಗ್ಗೆ, ಯಾತಕ್ಕಾಗಿ, ಗ್ರಂಥಕ್ಕೂ ವಿಷಯಕ್ಕೂ ಏನು ನಂಟು, ಯಾರು ಓದಲು ತಕ್ಕವರು ಎಂಬ ಈ ನಾಲ್ಕು ಪ್ರಶ್ನೆಗಳಲ್ಲಿ ಮೊದಲ ಎರಡನ್ನಾದರೂ ಇಂದಿನ ಹೈಸ್ಕೂಲು ಹುಡುಗ ತನ್ನ ಪೀಠಿಕೆಗೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಗದುಗಿನ ಕುಮಾರವ್ಯಾಸ ತನ್ನ ಭಾರತವನ್ನು ಪೀಠಿಕಾ ಸಂಧಿಯಿಂದಲೇ ಶುರುಮಾಡುತ್ತಾನೆ. ವೀರನಾರಾಯಣನ ಸ್ತುತಿಯೂ ತನ್ನ ಬರವಣಿಗೆಯ ರೀತಿಯ ಮಾತೂ ಅಲ್ಲಿವೆ. ಅವಕ್ಕಿಂತ ಮುಖ್ಯವಾದದ್ದು ಇನ್ನೊಂದು. ಭಾರತವನ್ನು ಹೇಳಹೊರಟವನು ತಾನು ಹೇಳುತ್ತಿರುವುದು ಕೃಷ್ಣನ ಕಥೆ ಎಂದು ಆರಂಭದಲ್ಲೇ ತಿಳಿಸಿಬಿಡುತ್ತಾನೆ. ವಸ್ತು ವ್ಯಾಸರದು, ನೋಟ ತನ್ನದು. ಗಟ್ಟಿ ಪೀಠಿಕೆಯ ಗುಟ್ಟು ಕನ್ನಡದಲ್ಲಿ ಇಷ್ಟು ಹಿಂದೆಯೇ ಇತ್ತು.

ಇದೇ ಪರಂಪರೆಯಲ್ಲಿ ಆಡಂಬರದ ಆರಂಭವನ್ನು ತಡೆದು ನಿಲ್ಲಿಸಿದವಳೂ ಒಬ್ಬಳಿದ್ದಾಳೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ (1870–1901), ಬರೆದ 'ಶ್ರೀರಾಮಾಶ್ವಮೇಧಂ' ಕೃತಿಯಲ್ಲಿ ಮಳೆಗಾಲದ ಒಂದು ಹೊತ್ತು ಹೆಂಡತಿ ಮನೋರಮೆ ಗಂಡನಿಗೆ ಕಥೆ ಹೇಳೆನ್ನುತ್ತಾಳೆ. ಆತ ಉದ್ದುದ್ದ ಸಂಸ್ಕೃತ ಸಮಾಸಗಳನ್ನು ಹೆಣೆದು ಶುರುಮಾಡುತ್ತಿದ್ದಂತೆ ಆಕೆ ಸಾಕೆಂದು ನಿಲ್ಲಿಸಿ, ತಿಳಿಯಾದ ಕನ್ನಡದಲ್ಲಿ ಹೇಳಲು ಕೇಳುತ್ತಾಳೆ. ಮುದ್ದಣ ಮನೋರಮೆಯರ ಸಲ್ಲಾಪವನ್ನು ಪಠ್ಯದಲ್ಲಿ ಓದಿದ ಮಕ್ಕಳಿಗೆ ಪೀಠಿಕೆಯ ಪಾಠವನ್ನೂ ಅಲ್ಲಿಂದಲೇ ಹೇಳಬಹುದು. ಮೌಲ್ಯಮಾಪಕರ ಕುರ್ಚಿಯಲ್ಲಿ ಮನೋರಮೆ ಕೂತಿದ್ದಾಳೆಂದು ಎಣಿಸಿಕೊಂಡು ಮೊದಲ ವಾಕ್ಯ ಬರೆದರೆ ಭಾರವಾದ ಪದಗಳು ತಾವಾಗಿ ಉದುರುತ್ತವೆ.

ಬೇರೆ ನಾಡುಗಳಲ್ಲೂ ಇದರ ಬಗ್ಗೆ ನಿಯಮಗಳು ಬೆಳೆದವು. ಭಾಷಣದ ಆರಂಭದ ಮುಖ್ಯ ಕೆಲಸ ಅದರ ಗುರಿಯನ್ನು ತೋರಿಸುವುದು ಎಂದು ಅರಿಸ್ಟಾಟಲ್ ತನ್ನ 'ರೆಟರಿಕ್' ಗ್ರಂಥದಲ್ಲಿ ಹೇಳಿದ. ವಿಷಯ ಚಿಕ್ಕದಾಗಿದ್ದು ತಾನೇ ಸ್ಪಷ್ಟವಾಗಿದ್ದರೆ ಪೀಠಿಕೆ ಬೇಕಿಲ್ಲ ಎಂಬುದೂ ಅವನ ಮಾತು. ಚೀನಾದ ಮಿಂಗ್ ಮತ್ತು ಚಿಂಗ್ ಅರಸರ ಕಾಲದ ಸರ್ಕಾರಿ ಪರೀಕ್ಷೆಗಳಲ್ಲಿ ಎಂಟು ಅಂಗಗಳ ಪ್ರಬಂಧವನ್ನು ಬರೆಯಬೇಕಿತ್ತು. ಅದರ ಮೊದಲ ಎರಡು ವಾಕ್ಯಗಳ ಅಂಗಕ್ಕೆ 'ವಿಷಯವನ್ನು ಒಡೆಯುವುದು' ಎಂಬರ್ಥದ ಹೆಸರು. ತೆಂಗಿನಕಾಯಿ ಒಡೆದ ಹಾಗೆ, ಕೊಟ್ಟ ಸಾಲಿನ ಒಳಗೇನಿದೆ ಎಂದು ಅಷ್ಟರಲ್ಲೇ ಕಾಣಬೇಕು. ಆ ಪರೀಕ್ಷಾ ಪದ್ಧತಿ 1905ರಲ್ಲಿ ಕೊನೆಗೊಂಡಿತು. ಫ್ರಾನ್ಸಿನ ಹೈಸ್ಕೂಲುಗಳಲ್ಲಿ ಇಂದಿಗೂ ಪೀಠಿಕೆ ಒಂದು ಸಮಸ್ಯೆಯನ್ನು ಪ್ರಶ್ನೆಯಾಗಿ ಎತ್ತಿ, ಪ್ರಬಂಧ ಯಾವ ಕ್ರಮದಲ್ಲಿ ಸಾಗುತ್ತದೆಂದು ಹೇಳಿ ಮುಗಿಯಬೇಕು. ಅಮೆರಿಕದ ಶಾಲೆಗಳ ಐದು ಪ್ಯಾರಾಗಳ ಪ್ರಬಂಧದಲ್ಲಿ ಮೊದಲ ಪ್ಯಾರಾ 'ಹುಕ್'ನಿಂದ ಆರಂಭವಾಗಿ 'ಥೀಸಿಸ್' ವಾಕ್ಯದಿಂದ ಮುಗಿಯುತ್ತದೆ. ನಮ್ಮ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಈ ಎರಡು ಪದಗಳು ಪರಿಚಿತ. ಹುಕ್ ಎಂಬುದನ್ನು ಗಾಳದಂತೆ ನೋಡಿ ಏನಾದರೂ ಬೆರಗಿನ ಮಾತನ್ನು ಸಿಕ್ಕಿಸುವ ಅಭ್ಯಾಸ ಹರಡಿರುವುದು ಒಳ್ಳೆಯದಲ್ಲ. ಬೆರಗು ಮುಗಿದ ಮೇಲೆ ವಿಷಯ ಬೇರೆ ದಾರಿ ಹಿಡಿದರೆ ಓದುವವರಿಗೆ ಮೋಸವಾದಂತೆ ಅನ್ನಿಸುತ್ತದೆ.

ಸವೆದ ಆರಂಭಗಳು

'ಇಂದಿನ ಆಧುನಿಕ ಯುಗದಲ್ಲಿ', 'ಮಾನವನು ಸಂಘಜೀವಿ', 'ಭಾರತವು ಹಳ್ಳಿಗಳ ದೇಶ', 'ಪರಿಸರ ಎಂದರೆ ನಮ್ಮ ಸುತ್ತಮುತ್ತಲಿನ ವಾತಾವರಣ'. ಕನ್ನಡ ನಾಡಿನ ಯಾವ ಹೈಸ್ಕೂಲಿನ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿದರೂ ಈ ವಾಕ್ಯಗಳು ಸಿಗುತ್ತವೆ. ಗ್ರಂಥಾಲಯ ಎಂದರೆ 'ದೇಶ ಸುತ್ತು, ಕೋಶ ಓದು'. ಪ್ರವಾಸ ಎಂದರೂ ಅದೇ ಗಾದೆ. ಮಕ್ಕಳನ್ನು ಇದಕ್ಕೆ ಬೈದು ಪ್ರಯೋಜನವಿಲ್ಲ. ಗೈಡುಗಳಲ್ಲಿ ಹೀಗೆಯೇ ಅಚ್ಚಾಗಿರುತ್ತದೆ. ಪೀಠಿಕೆಗೆ ಬೇರೆಯಾಗಿ ಅಂಕವಿಡುವ ರೂಢಿ ಇರುವುದರಿಂದ ಏನಾದರೂ ಬರೆದರೆ ಅದು ಸಿಗುತ್ತದೆ ಎಂಬ ಧೈರ್ಯವೂ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಖಾಲಿ ಹಾಳೆಯ ಮುಂದೆ ಕೂತ ಹದಿನೈದರ ಮಗುವಿಗೆ ಸಿದ್ಧವಾಕ್ಯವೊಂದು ಹಿಡಿದುಕೊಳ್ಳಲು ಸಿಕ್ಕ ಕಂಬದಂತೆ. ಬರವಣಿಗೆ ಶುರುವಾಗಲು ಅದು ನೆರವಾಗುತ್ತದೆ, ನಿಜ. ಶುರುವಾದ ಮೇಲೆ ಅದನ್ನು ಹೊಡೆದುಹಾಕಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ಇಂಥ ವಾಕ್ಯಗಳಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಮಾನವನು ಸಂಘಜೀವಿಯೇ ಸರಿ. ಆದರೆ ಅದೇ ವಾಕ್ಯ ರಾಷ್ಟ್ರೀಯ ಹಬ್ಬಗಳಿಗೂ ವರದಕ್ಷಿಣೆಗೂ ಮೊಬೈಲ್ ಬಳಕೆಗೂ ಹೊಂದುತ್ತದೆ. ಶೀರ್ಷಿಕೆಯನ್ನು ಕೈಯಿಂದ ಮುಚ್ಚಿ ಪೀಠಿಕೆಯನ್ನಷ್ಟೇ ಓದಿದಾಗ ಇದು ಯಾವ ಪ್ರಬಂಧ ಎಂದು ಹೇಳಲಾಗದಿದ್ದರೆ ಆ ಪೀಠ ಈ ಮೂರ್ತಿಗೆ ಕಡೆದದ್ದಲ್ಲ.

ಒಂದು ಪೀಠಿಕೆಯ ಒಳಗೆ

'ಕೆರೆಗಳ ಸಂರಕ್ಷಣೆ' ಎಂಬ ವಿಷಯವನ್ನು ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಬರುವ ಪೀಠಿಕೆ ಹೀಗಿರುತ್ತದೆ:

'ನೀರು ಜೀವಜಲ. ನೀರಿಲ್ಲದೆ ಯಾವ ಜೀವಿಯೂ ಬದುಕಲಾರದು. ನಮ್ಮ ಪೂರ್ವಜರು ಅನೇಕ ಕೆರೆಗಳನ್ನು ಕಟ್ಟಿಸಿದರು. ಇಂದಿನ ಆಧುನಿಕ ಯುಗದಲ್ಲಿ ಕೆರೆಗಳು ನಾಶವಾಗುತ್ತಿವೆ. ಆದ್ದರಿಂದ ಕೆರೆಗಳನ್ನು ಸಂರಕ್ಷಿಸುವುದು ಪ್ರತಿಯೊಬ್ಬ ನಾಗರಿಕನ ಆದ್ಯ ಕರ್ತವ್ಯವಾಗಿದೆ.'

ಐದು ವಾಕ್ಯ, ಕಾಗುಣಿತದ ತಪ್ಪಿಲ್ಲ. ಆದರೆ ಮೊದಲ ಎರಡು ವಾಕ್ಯಗಳು ನದಿಗೂ ಸಲ್ಲುತ್ತವೆ, ನಲ್ಲಿಗೂ ಸಲ್ಲುತ್ತವೆ. ಮೂರನೆಯದರಲ್ಲಿ ಯಾರು, ಎಲ್ಲಿ, ಯಾವ ಕೆರೆ ಎಂಬುದಿಲ್ಲ. ಐದನೆಯದು ಉಪಸಂಹಾರಕ್ಕೆ ಸೇರಬೇಕಾದ್ದು. ಅದನ್ನು ಇಲ್ಲೇ ಹೇಳಿಬಿಟ್ಟ ಮೇಲೆ ಕೊನೆಯಲ್ಲಿ ಮತ್ತೆ ಅದನ್ನೇ ಬರೆಯಬೇಕಾಗುತ್ತದೆ. ಎರಡನೆಯ ಪ್ಯಾರಾ ಎಲ್ಲಿಂದ ಶುರುವಾಗಬೇಕು ಎಂಬ ಸುಳಿವೇ ಇಲ್ಲ. ಪೀಠಿಕೆ ಮುಗಿಸಿದ ಮಗು ಪೆನ್ನು ಕಚ್ಚುತ್ತಾ ಕೂರುವುದು ಈ ಕಾರಣಕ್ಕೆ.

ಇದನ್ನೇ ಬೆಂಗಳೂರಿನ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆಯಬಹುದು:

'ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ ಇತ್ತು. ಕೆರೆ ಹೋದರೂ ತಗ್ಗು ಹೋಗುವುದಿಲ್ಲ, ಜೋರು ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ. ಕೆರೆ ಉಳಿಸುವುದೆಂದರೆ ಏರಿಯೊಳಗಿನ ನೀರನ್ನು ಉಳಿಸುವುದಷ್ಟೇ ಅಲ್ಲ, ಆ ನೀರು ಬರುವ ರಾಜಕಾಲುವೆಗಳನ್ನೂ ಉಳಿಸುವುದು.'

ಇಲ್ಲಿ ನಾಲ್ಕೇ ವಾಕ್ಯ. ಮೊದಲ ಎರಡರಲ್ಲಿ ಓದುವವರು ದಿನಾ ಓಡಾಡುವ ಜಾಗಗಳಿವೆ. ಮೂರನೆಯದು ಅವೆರಡನ್ನೂ ಒಂದು ಕಾರಣಕ್ಕೆ ಕಟ್ಟುತ್ತದೆ. ನಾಲ್ಕನೆಯದು ಬರೆಯುವವಳ ನಿಲುವು. 'ಸಂರಕ್ಷಣೆ' ಎಂಬ ಶೀರ್ಷಿಕೆಯ ಪದಕ್ಕೆ ಅವಳು ತನ್ನದೇ ಅರ್ಥ ಕೊಟ್ಟಿದ್ದಾಳೆ. ಇದನ್ನು ಬರೆದಾದ ಮೇಲೆ ಮುಂದಿನ ಪ್ಯಾರಾಗಳು ತಾವಾಗಿ ಕಾಣುತ್ತವೆ: ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುವಂತೆ ಹಿಂದೆ ಸರಣಿಯಾಗಿ ಹೇಗೆ ಕಟ್ಟಿದ್ದರು, ಕಾಲುವೆಯ ಮೇಲೆ ಕಟ್ಟಡ ಎದ್ದರೆ ಏನಾಗುತ್ತದೆ, ಚರಂಡಿ ನೀರು ಎಲ್ಲಿ ಸೇರುತ್ತದೆ.

ಧರ್ಮಾಂಬುಧಿಯ ಹೆಸರನ್ನೇ ಕೇಳದ ಹಳ್ಳಿಯ ಹುಡುಗನಿಗೂ ದಾರಿಯುಂಟು. 'ನಮ್ಮೂರ ಕೆರೆ ಕೋಡಿ ಬಿದ್ದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ನಮ್ಮಜ್ಜಿ ನೋಡಿದ್ದಾರೆ, ಆ ದಿನ ಊರ ಹೆಂಗಸರೆಲ್ಲ ಸೇರಿ ಬಾಗಿನ ಬಿಟ್ಟರಂತೆ. ಈಗ ಮಳೆ ಬಂದರೂ ಕೆರೆ ತುಂಬುವುದಿಲ್ಲ, ಯಾಕೆಂದರೆ ಹೂಳು ಮೊದಲೇ ತುಂಬಿದೆ.' ಇದರಲ್ಲಿ ಯಾವ ಪುಸ್ತಕದ ಮಾಹಿತಿಯೂ ಇಲ್ಲ. ಅಜ್ಜಿಯ ಕಾಲಕ್ಕೂ ತನ್ನ ಕಾಲಕ್ಕೂ ನಡುವಿನ ವ್ಯತ್ಯಾಸವನ್ನು ಮೂರು ವಾಕ್ಯಗಳಲ್ಲಿ ಹಿಡಿದು ಹೂಳಿನ ಮೇಲೆ ಬೆರಳಿಟ್ಟಿದ್ದಾನೆ. ಮಾಹಿತಿ ಕಡಿಮೆಯಿದ್ದರೆ ಪೀಠಿಕೆ ಸೊರಗುತ್ತದೆ ಎಂಬುದು ಸುಳ್ಳು. ನೋಡಿದ್ದನ್ನು ಬರೆಯದಿದ್ದರೆ ಸೊರಗುತ್ತದೆ.

ಆರಂಭದ ಬಗೆಗಳು

ಘಟನೆ ಅಥವಾ ದೃಶ್ಯದಿಂದ ಶುರುಮಾಡುವುದು ಮಕ್ಕಳಿಗೆ ಒಗ್ಗುವ ಬಗೆ. ಗ್ರಂಥಾಲಯದ ಬಗ್ಗೆ ಬರೆಯುವವರಿಗೆ ಪಾಂಡವಪುರ ತಾಲ್ಲೂಕು ಹರಳಹಳ್ಳಿಯ ಪುಸ್ತಕಮನೆ ಇದೆ. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ಗಳಿಕೆಯನ್ನೆಲ್ಲ ಹಾಕಿ ಲಕ್ಷಾಂತರ ಪುಸ್ತಕಗಳನ್ನು ಕೂಡಿಸಿದ ಜಾಗ ಅದು. ಆ ಒಂದು ಸಂಗತಿಯನ್ನು ಎರಡು ವಾಕ್ಯಗಳಲ್ಲಿ ಹೇಳಿ, ಒಬ್ಬ ಮನುಷ್ಯ ಹೀಗೆ ಮಾಡಬೇಕಾಗಿ ಬಂದದ್ದು ಏಕೆ ಎಂದು ಕೇಳಿದರೆ 'ಮಹತ್ವ' ಎಂಬ ಪದವನ್ನು ಬಳಸದೆಯೇ ಮಹತ್ವ ತಿಳಿಯುತ್ತದೆ.

ಗಾದೆಯಿಂದ ಆರಂಭಿಸುವುದು ಕನ್ನಡಕ್ಕೆ ಸಹಜ, ಅದನ್ನು ಬಿಡಬೇಕಾಗಿಲ್ಲ. ಗಾದೆಯನ್ನು ಬರೆದು ಸುಮ್ಮನೆ ಮುಂದಕ್ಕೆ ಹೋಗುವುದು ದೋಷ. ಅದರೊಡನೆ ಜಗಳಕ್ಕೋ ಮಾತುಕತೆಗೋ ಇಳಿಯಬೇಕು. 'ದೇಶ ಸುತ್ತು, ಕೋಶ ಓದು' ಎಂಬಲ್ಲಿ ಸುತ್ತುವುದು ಮೊದಲು ಬಂದು ಓದುವುದು ಆಮೇಲೆ ಬಂದದ್ದು ಯಾಕೆ? ದೇಶ ಸುತ್ತಲು ದುಡ್ಡಿಲ್ಲದವರಿಗೆ ಕೋಶವೇ ದೇಶವಾಗುತ್ತದಲ್ಲವೇ? ಹೀಗೆ ಕೇಳಿದ ಕೂಡಲೇ ಹಳೆಯ ಗಾದೆ ಹೊಸ ಪ್ರಬಂಧದ ಬಾಗಿಲಾಗುತ್ತದೆ.

ಪ್ರಶ್ನೆಯಿಂದ ಶುರುಮಾಡಬಹುದು, ಉತ್ತರ ಹೌದು ಅಥವಾ ಇಲ್ಲ ಎಂದು ಮುಗಿಯದಿದ್ದರೆ. ಅಂಕಿಅಂಶದಿಂದಲೂ ಆಗುತ್ತದೆ, ಅದು ಸರಿಯಾಗಿ ನೆನಪಿದ್ದರೆ ಮಾತ್ರ. ಪರೀಕ್ಷೆಯ ಗಡಿಬಿಡಿಯಲ್ಲಿ ಊಹಿಸಿ ಬರೆದ ಶೇಕಡಾವಾರು ಇಡೀ ಪ್ರಬಂಧದ ನಂಬಿಕೆಯನ್ನು ಕೆಡಿಸುತ್ತದೆ. ಮಹಾತ್ಮರ ಮಾತು ಎಂದು ತಾವೇ ಕಟ್ಟಿದ ವಾಕ್ಯವನ್ನು ಗಾಂಧೀಜಿಯ ಬಾಯಿಗೆ ಹಾಕುವುದಂತೂ ಕೂಡದು. ವ್ಯಾಖ್ಯೆಯಿಂದ ಆರಂಭಿಸುವುದು ವಿಜ್ಞಾನದ ಉತ್ತರಕ್ಕೆ ಒಪ್ಪುತ್ತದೆ. ಪ್ರಬಂಧದಲ್ಲಿ ಅದು ಬೇಕಾಗುವುದು, ಆ ಪದವನ್ನು ಜನ ತಪ್ಪಾಗಿ ತಿಳಿದಿದ್ದಾರೆ ಎಂದು ತೋರಿಸಬೇಕಾದಾಗ.

ಯಾವಾಗ ಬರೆಯುವುದು

ಪೀಠಿಕೆ ಮೊದಲು ಓದಿಸಿಕೊಳ್ಳುವುದರಿಂದ ಮೊದಲು ಬರೆಯಬೇಕೆಂದೇನೂ ಇಲ್ಲ. ರೋಮಿನ ಸಿಸಿರೊ ಕ್ರಿ.ಪೂ. 55ರಲ್ಲಿ ಬರೆದ ಸಂವಾದ ಗ್ರಂಥದಲ್ಲಿ ಆಂಟೋನಿಯಸ್ ಎಂಬ ವಾಗ್ಮಿ, ತಾನು ಮೊದಲಿಗೆ ಆಡಬೇಕಾದ್ದನ್ನು ಕೊನೆಗೆ ಯೋಚಿಸುತ್ತೇನೆ ಎನ್ನುತ್ತಾನೆ. ಮೊದಲೇ ಯೋಚಿಸಿದಾಗಲೆಲ್ಲ ಜೊಳ್ಳೋ ಸವಕಲೋ ಆದದ್ದಷ್ಟೇ ಹೊಳೆಯಿತು ಎಂಬುದು ಅವನ ಅನುಭವ. ನಮ್ಮದೇ ನಾಡಿನ ದೊಡ್ಡ ಉದಾಹರಣೆ ಭಾರತ ಸಂವಿಧಾನದ ಪೀಠಿಕೆ. ಅದರ ಬೇರು ನೆಹರೂ 1946ರ ಡಿಸೆಂಬರ್ 13ರಂದು ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿದೆ. ಆದರೂ ಸಂವಿಧಾನ ರಚನಾ ಸಭೆ ಪೀಠಿಕೆಯನ್ನು ಚರ್ಚೆಗೆ ಎತ್ತಿಕೊಂಡದ್ದು ವಿಧಿಗಳ ಚರ್ಚೆಯಾದ ಮೇಲೆ, 1949ರ ಅಕ್ಟೋಬರ್ 17ರಂದು. ಒಪ್ಪಿತವಾದ ಸಂವಿಧಾನಕ್ಕೆ ಪೀಠಿಕೆ ಹೊಂದಿರಬೇಕು ಎಂಬುದು ಅದರ ಹಿಂದಿನ ವಿಚಾರ. ಇಂಗ್ಲಿಷ್ ಮೂಲದಲ್ಲಿ ಅದು ಒಂದೇ ವಾಕ್ಯ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳು ಅದನ್ನು ಗಟ್ಟಿಯಾಗಿ ಓದುತ್ತಾರೆ. ಯಾರು, ಯಾರಿಗೆ, ಏನನ್ನು, ಯಾವ ದಿನ ಕೊಟ್ಟುಕೊಂಡರು ಎಂಬುದೆಲ್ಲ ಆ ಒಂದು ವಾಕ್ಯದಲ್ಲಿದೆ ಎಂದು ಪ್ರಬಂಧದ ತರಗತಿಯಲ್ಲೂ ತೋರಿಸಬೇಕು.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿಯಲ್ಲಿ ಕೊನೆಗೆ ಬರೆಯುವಷ್ಟು ಬಿಡುವಿರುವುದಿಲ್ಲ. ಆದರೆ ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಪ್ರಬಂಧದ ವಿಷಯವನ್ನು ಆರಿಸಿಕೊಂಡು, ತಾನು ಮುಖ್ಯವಾಗಿ ಹೇಳುವುದೇನು ಎಂಬ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬಹುದು. ಅದೇ ಪೀಠಿಕೆಯ ಕೊನೆಯ ವಾಕ್ಯವಾಗುತ್ತದೆ. ಇನ್ನು ಅದಕ್ಕೆ ಮುನ್ನ ಎರಡು ಮೂರು ವಾಕ್ಯ ಸಾಕು. ಒಂದು ಪುಟದ ಪ್ರಬಂಧದಲ್ಲಿ ಪೀಠಿಕೆ ಕಾಲುಭಾಗವನ್ನು ದಾಟಿದರೆ ವಿಷಯ ನಿರೂಪಣೆ ಬಡವಾಗುತ್ತದೆ. ಮನೆಯಲ್ಲಿ ಬರೆಯುವಾಗ ಐದಾರು ಗೆರೆ ಖಾಲಿ ಬಿಟ್ಟು ಎರಡನೆಯ ಪ್ಯಾರಾದಿಂದ ಶುರುಮಾಡಿ, ಎಲ್ಲ ಮುಗಿದ ಮೇಲೆ ಆ ಜಾಗವನ್ನು ತುಂಬುವುದು ಬಹಳ ಒಳ್ಳೆಯ ಅಭ್ಯಾಸ.

ತರಗತಿಯಲ್ಲಿ

ಪೀಠಿಕೆಯನ್ನು ನಿಯಮವಾಗಿ ಬೋರ್ಡಿನ ಮೇಲೆ ಬರೆಸುವುದಕ್ಕಿಂತ ಕೈಕೆಲಸದಂತೆ ಕಲಿಸುವುದು ಫಲ ಕೊಡುತ್ತದೆ. ಒಂದೇ ವಿಷಯಕ್ಕೆ ಮೂರು ಬೇರೆ ಪೀಠಿಕೆಗಳನ್ನು ಬರೆಸಿ, ಪ್ರಬಂಧ ಬರೆಯಿಸದೆ ಅಲ್ಲಿಗೇ ನಿಲ್ಲಿಸಬಹುದು. ಬರೆದ ಪೀಠಿಕೆಯ ಮೊದಲ ವಾಕ್ಯವನ್ನು ಅಡ್ಡಗೆರೆ ಎಳೆದು ತೆಗೆದು, ಎರಡನೆಯದರಿಂದ ಓದಿ ನೋಡಿ ಎನ್ನಬಹುದು. ಬಹಳ ಸಲ ನಿಜವಾದ ಆರಂಭ ಅಲ್ಲಿರುತ್ತದೆ.

ಓದಿಸಲು ಕನ್ನಡದಲ್ಲಿ ಒಳ್ಳೆಯ ಸಾಮಗ್ರಿಯಿದೆ. ಮೊಂತೇನ್ 1580ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಬರಹಗಳಿಗೆ 'ಪ್ರಯತ್ನಗಳು' ಎಂಬರ್ಥದ ಹೆಸರಿಟ್ಟ. ಅಲ್ಲಿಂದ ಬೆಳೆದ ಪ್ರಕಾರ ಕನ್ನಡಕ್ಕೆ ಬಂದಾಗ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು', ಕುವೆಂಪು ಅವರ 'ಮಲೆನಾಡಿನ ಚಿತ್ರಗಳು', 1937ರಲ್ಲಿ ಬಂದ ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು', ಪು.ತಿ.ನ. ಅವರ 'ಈಚಲು ಮರದ ಕೆಳಗೆ' ಮುಂತಾದ ಪುಸ್ತಕಗಳು ಹುಟ್ಟಿದವು. ಲಲಿತ ಪ್ರಬಂಧವೂ ಶಾಲಾ ಪ್ರಬಂಧವೂ ಒಂದೇ ಅಲ್ಲ. ಮೊದಲನೆಯದಕ್ಕೆ ಅಲೆದಾಡುವ ಸ್ವಾತಂತ್ರ್ಯವಿದೆ, ಎರಡನೆಯದಕ್ಕೆ ಕೊಟ್ಟ ವಿಷಯದ ಬೇಲಿಯಿದೆ. ಆದರೆ ಇವುಗಳ ಮೊದಲ ಪ್ಯಾರಾಗಳನ್ನಷ್ಟೇ ಆರಿಸಿ, ಶೀರ್ಷಿಕೆ ಹೇಳದೆ ತರಗತಿಯಲ್ಲಿ ಗಟ್ಟಿಯಾಗಿ ಓದಿ, 'ಮುಂದೆ ಇವರು ಏನು ಹೇಳಬಹುದು?' ಎಂದು ಮಕ್ಕಳನ್ನು ಕೇಳಿದರೆ ಹಿಂದಿನ ಬೆಂಚಿನಿಂದಲೂ ಕೈಗಳು ಏಳುತ್ತವೆ.